ಕೋವಿಡ್ ಮತ್ತು ದಂತತಜ್ಞರ ತರಬೇತಿ: ಗಾಳಿಯಲ್ಲಿ ತೇಲುವ ಹನಿಗಳ ಲೆಕ್ಕ

ಹಲ್ಲಿನ ಆಸ್ಪತ್ರೆಯ ಕುರ್ಚಿಯಲ್ಲಿ ಒಮ್ಮೆಯಾದರೂ ಕುಳಿತವರಿಗೆ ಆ ಸದ್ದು ಮರೆಯುವುದಿಲ್ಲ. ಕೀರಲು ದನಿಯಲ್ಲಿ ತಿರುಗುವ ಸಣ್ಣ ಯಂತ್ರ, ಜೊತೆಗೆ ಬಾಯೊಳಗೆ ಚಿಮ್ಮುವ ತಣ್ಣೀರಿನ ತುಂತುರು. 2020ರ ಮಾರ್ಚ್ ಕೊನೆಯ ವಾರದಲ್ಲಿ ಈ ಸದ್ದು ದೇಶದಾದ್ಯಂತ ಬಹುಮಟ್ಟಿಗೆ ನಿಂತುಹೋಯಿತು. ಮಾರ್ಚ್ 25ರಿಂದ ಲಾಕ್‌ಡೌನ್ ಜಾರಿಗೆ ಬಂದಾಗ ಎಷ್ಟೋ ಚಿಕಿತ್ಸೆಗಳು ಅರ್ಧಕ್ಕೆ ನಿಂತವು.

ನನ್ನ ಊರು ಲೋಕಿಕೆರೆ. ನಮ್ಮ ಪಕ್ಕದ ಮನೆಯ ಹಿರಿಯರೊಬ್ಬರಿಗೆ ಆಗ ದಾವಣಗೆರೆಯ ಒಂದು ಆಸ್ಪತ್ರೆಯಲ್ಲಿ ಹಲ್ಲಿನ ಬೇರುನಾಳ ಚಿಕಿತ್ಸೆ ನಡೆಯುತ್ತಿತ್ತು. ಎರಡು ಬಾರಿ ಹೋಗಿಬಂದಿದ್ದರು, ಮೂರನೆಯ ಬಾರಿಗೆ ಬಸ್ಸೇ ಇರಲಿಲ್ಲ. ತಾತ್ಕಾಲಿಕವಾಗಿ ತುಂಬಿದ್ದ ಸಿಮೆಂಟು ಉದುರಿತು, ಹಲ್ಲು ಒಡೆಯಿತು. ಮಳೆಗಾಲದ ಹೊತ್ತಿಗೆ ಅದನ್ನು ಕೀಳಿಸದೆ ಬೇರೆ ದಾರಿ ಉಳಿಯಲಿಲ್ಲ. ಅವರು ಒಂದು ಹಲ್ಲು ಕಳೆದುಕೊಂಡರು. ಅವರಿಗೆ ಚಿಕಿತ್ಸೆ ನೀಡುತ್ತಿದ್ದ ಸ್ನಾತಕೋತ್ತರ ವಿದ್ಯಾರ್ಥಿ ಏನು ಕಳೆದುಕೊಂಡ? ಒಂದು ಚಿಕಿತ್ಸೆಯನ್ನು ಆರಂಭದಿಂದ ಮುಕ್ತಾಯದವರೆಗೆ ಮಾಡಿ ಕಲಿಯುವ ಅವಕಾಶವನ್ನು. ಈ ಎರಡನೆಯ ನಷ್ಟವನ್ನು ನಾವು ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಅದೇ ದಿನಗಳಲ್ಲಿ, ಹಿಂದೆ ಪಿಯುಸಿಯಲ್ಲಿ ನನ್ನ ಬಳಿ ಭೌತವಿಜ್ಞಾನ ಕಲಿತು ಆಗ ಎಂ.ಡಿ.ಎಸ್. ಓದುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ದೂರವಾಣಿ ಮಾಡಿ, "ಸರ್, ನಮ್ಮ ಯಂತ್ರದಿಂದ ಹೊರಟ ಹನಿ ಗಾಳಿಯಲ್ಲಿ ಎಷ್ಟು ಹೊತ್ತು ಇರುತ್ತದೆ?" ಎಂದು ಕೇಳಿದಳು. ದಂತವೈದ್ಯ ಶಿಕ್ಷಣಕ್ಕೂ ಭೌತವಿಜ್ಞಾನದ ಪಾಠಕ್ಕೂ ಇರುವ ನಂಟು ನನಗೆ ಸ್ಪಷ್ಟವಾದದ್ದು ಆ ಪ್ರಶ್ನೆಯಿಂದ. ಸಾಂಕ್ರಾಮಿಕದ ಕಾಲದಲ್ಲಿ ದಂತತಜ್ಞರ ತರಬೇತಿ ಏಕೆ ಕುಂಠಿತವಾಯಿತು, ಎಷ್ಟು ಕುಂಠಿತವಾಯಿತು, ಮುಂದೆ ಅದನ್ನು ತಪ್ಪಿಸುವುದು ಹೇಗೆ ಎಂಬುದನ್ನು ಈ ಲೇಖನದಲ್ಲಿ ನೋಡೋಣ. ಇದರ ಬಹುಪಾಲು ಲೆಕ್ಕಗಳನ್ನು ಪಿಯುಸಿ ವಿದ್ಯಾರ್ಥಿಯೇ ಮಾಡಬಹುದು.

ದಂತತಜ್ಞರಾಗುವುದು ಹೇಗೆ?

ಕರ್ನಾಟಕದಲ್ಲಿ ದಂತವೈದ್ಯ ಶಿಕ್ಷಣಕ್ಕೆ ಹಳೆಯ ಇತಿಹಾಸವಿದೆ. ಬೆಂಗಳೂರಿನ ಸರ್ಕಾರಿ ದಂತ ವೈದ್ಯಕೀಯ ಕಾಲೇಜು 1958ರಲ್ಲಿ, ಮಣಿಪಾಲದ ಕಾಲೇಜು 1965ರಲ್ಲಿ ಆರಂಭವಾದವು. ದಾವಣಗೆರೆಯ ಬಾಪೂಜಿ ದಂತ ವೈದ್ಯಕೀಯ ಕಾಲೇಜು ಶುರುವಾದದ್ದು 1979ರಲ್ಲಿ. ನಂತರ ಇದೇ ಊರಿನಲ್ಲಿ ಕಾಲೇಜ್ ಆಫ್ ಡೆಂಟಲ್ ಸೈನ್ಸಸ್ ಬಂತು. ಎರಡೂ ಕಡೆ ಸ್ನಾತಕೋತ್ತರ ಶಿಕ್ಷಣವಿದೆ. ಸುತ್ತಲಿನ ಹಳ್ಳಿಗಳಿಂದ, ಹರಿಹರದಿಂದ, ಪಕ್ಕದ ಜಿಲ್ಲೆಗಳಿಂದ ಜನ ಬಸ್ಸು ಹಿಡಿದು ಇಲ್ಲಿಗೆ ಬರುತ್ತಾರೆ. ಕಡಿಮೆ ಖರ್ಚಿನಲ್ಲಿ ಅವರಿಗೆ ಚಿಕಿತ್ಸೆ ಸಿಗುತ್ತದೆ, ವಿದ್ಯಾರ್ಥಿಗಳಿಗೆ ಕಲಿಕೆ ಸಿಗುತ್ತದೆ. ಒಂದಿಲ್ಲದೆ ಇನ್ನೊಂದಿಲ್ಲ.

ಬಿ.ಡಿ.ಎಸ್. ಮುಗಿಸಿದವರು ನೀಟ್-ಎಂ.ಡಿ.ಎಸ್. ಪ್ರವೇಶ ಪರೀಕ್ಷೆ ಬರೆದು, ಒಂಬತ್ತು ವಿಶೇಷ ವಿಭಾಗಗಳಲ್ಲಿ ಒಂದನ್ನು ಆರಿಸಿಕೊಂಡು ಮೂರು ವರ್ಷ ಓದಬೇಕು. ಬೇರುನಾಳ ಚಿಕಿತ್ಸೆ ಮತ್ತು ಹಲ್ಲು ಉಳಿಸುವ ಚಿಕಿತ್ಸೆ, ಕೃತಕ ದಂತ ಜೋಡಣೆ, ವಸಡಿನ ಚಿಕಿತ್ಸೆ, ವಕ್ರದಂತ ಚಿಕಿತ್ಸೆ, ಬಾಯಿ ಮತ್ತು ದವಡೆಯ ಶಸ್ತ್ರಚಿಕಿತ್ಸೆ, ಮಕ್ಕಳ ದಂತಚಿಕಿತ್ಸೆ, ಬಾಯಿಯ ರೋಗಶಾಸ್ತ್ರ, ರೋಗನಿದಾನ ಮತ್ತು ಕ್ಷ-ಕಿರಣ ವಿಭಾಗ, ಸಮುದಾಯ ದಂತವೈದ್ಯ ಇವೇ ಆ ಒಂಬತ್ತು. ಓದಿನ ಜೊತೆಗೆ ಒಂದು ಪ್ರಬಂಧವನ್ನೂ ಸಿದ್ಧಪಡಿಸಬೇಕು. ಅದಕ್ಕೆ ಬೇಕಾದ ಮಾಹಿತಿಯೂ ಹೆಚ್ಚಿನ ವೇಳೆ ರೋಗಿಗಳಿಂದಲೇ ಬರಬೇಕು.

ಪುಸ್ತಕದ ಓದು ಈ ಮೂರು ವರ್ಷಗಳ ಒಂದು ಭಾಗ ಮಾತ್ರ. ಉಳಿದದ್ದು ಕೈಯ ಕಲಿಕೆ. ರೋಗಿಯ ಬಾಯಿ ಕಿರಿದು, ನಾಲಿಗೆ ಅಡ್ಡ ಬರುತ್ತದೆ, ಹಿಂದಿನ ಹಲ್ಲು ಕನ್ನಡಿಯಲ್ಲಿ ತಲೆಕೆಳಗಾಗಿ ಕಾಣುತ್ತದೆ. ಅರ್ಧ ಮಿಲಿಮೀಟರ್ ತಪ್ಪಿದರೂ ನರಕ್ಕೆ ಪೆಟ್ಟು. ಗುರು ಪಕ್ಕದಲ್ಲಿ ನಿಂತು ನೋಡುತ್ತಾ ತಿದ್ದಬೇಕು. ಇಷ್ಟೂ ನಡೆಯುವುದು ಒಂದು ತೆರೆದ ಬಾಯಿಯಿಂದ ಒಂದು ಅಡಿ ದೂರದಲ್ಲಿ.

ನಿಮಿಷಕ್ಕೆ 3 ಲಕ್ಷ ಸುತ್ತು

ನಮ್ಮ ದೇಶದ ದಂತವೈದ್ಯರು ಹಲ್ಲು ಕೊರೆಯುವ ಯಂತ್ರವನ್ನು 'ಏರೋಟರ್' ಎಂದೇ ಕರೆಯುತ್ತಾರೆ. 1957ರಲ್ಲಿ ಅಮೆರಿಕದ ಜಾನ್ ಬೋರ್ಡನ್ ಮಾರುಕಟ್ಟೆಗೆ ತಂದ ಯಂತ್ರದ ಹೆಸರೇ ಇಲ್ಲಿ ಉಳಿದುಕೊಂಡಿದೆ. ಒತ್ತಡದ ಗಾಳಿ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಅದರ ತುದಿಯ ಕೊರೆಮೊನೆ ನಿಮಿಷಕ್ಕೆ ಸುಮಾರು 3 ಲಕ್ಷ ಸುತ್ತು, ಅಂದರೆ ಸೆಕೆಂಡಿಗೆ 5000 ಸುತ್ತು ತಿರುಗುತ್ತದೆ. ಮೊನೆಯ ವ್ಯಾಸ 1.6 ಮಿಲಿಮೀಟರ್ ಎಂದಿಟ್ಟುಕೊಳ್ಳಿ. ಪರಿಧಿ ಸುಮಾರು 5 ಮಿಲಿಮೀಟರ್. ಅದನ್ನು 5000ದಿಂದ ಗುಣಿಸಿದರೆ ಅಂಚಿನ ವೇಗ ಸೆಕೆಂಡಿಗೆ 25 ಮೀಟರ್. ಗಂಟೆಗೆ 90 ಕಿಲೋಮೀಟರ್! ಹೆದ್ದಾರಿಯಲ್ಲಿ ಓಡುವ ಬಸ್ಸಿನ ವೇಗ ಅದು.

ಇಷ್ಟು ವೇಗದಲ್ಲಿ ಗಟ್ಟಿಯಾದ ಹಲ್ಲನ್ನು ಉಜ್ಜಿದರೆ ಶಾಖ ಹುಟ್ಟಲೇಬೇಕು. ಹಲ್ಲಿನ ನಡುವಿನ ಜೀವಂತ ತಿರುಳಿಗೆ ಶಾಖವನ್ನು ತಾಳುವ ಶಕ್ತಿ ಕಡಿಮೆ. 1965ರಲ್ಲಿ ಝಾಕ್ ಮತ್ತು ಕೋಹೆನ್ ಎಂಬ ವಿಜ್ಞಾನಿಗಳು ಕೋತಿಗಳ ಹಲ್ಲುಗಳ ಮೇಲೆ ಪ್ರಯೋಗ ಮಾಡಿದರು. ತಿರುಳಿನ ಉಷ್ಣತೆ 5.5 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿದರೆ ಶೇಕಡ 15ರಷ್ಟು ಹಲ್ಲುಗಳ ತಿರುಳು ಚೇತರಿಸಿಕೊಳ್ಳಲಿಲ್ಲ. ಆದ್ದರಿಂದ ಕೊರೆಯುವಾಗ ನೀರು ಬಿಡುವುದು ಅನಿವಾರ್ಯ. ಸಾಮಾನ್ಯವಾಗಿ ನಿಮಿಷಕ್ಕೆ ಸುಮಾರು 50 ಮಿಲಿಲೀಟರ್ ನೀರು ಬೇಕು.

ಆ ನೀರು ವೇಗವಾಗಿ ತಿರುಗುವ ಮೊನೆಗೆ ತಗಲಿ ಚೂರಾಗುತ್ತದೆ. ಬಹುಪಾಲನ್ನು ಹೀರುಕೊಳವೆ ಎಳೆದುಕೊಳ್ಳುತ್ತದೆ ಅಥವಾ ಅದು ಬಾಯಲ್ಲೇ ಉಳಿಯುತ್ತದೆ. ಅದರ ಸಾವಿರದಲ್ಲೊಂದು ಭಾಗ ಮಾತ್ರ 10 ಮೈಕ್ರೋಮೀಟರ್ ವ್ಯಾಸದ ಹನಿಗಳಾಯಿತು ಎಂದು ಊಹಿಸಿಕೊಳ್ಳಿ. ಒಂದು ಮೈಕ್ರೋಮೀಟರ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ಗೋಲದ ಗಾತ್ರದ ಸೂತ್ರ ಬಳಸಿ ನೀವೇ ಲೆಕ್ಕ ಹಾಕಿದರೆ ನಿಮಿಷಕ್ಕೆ ಸುಮಾರು 9.5 ಕೋಟಿ ಹನಿಗಳು ಬರುತ್ತವೆ. ಇದು ಅಂದಾಜು ಮಾತ್ರ. ಆದರೆ ಸ್ವಲ್ಪವೇ ನೀರು ಎಷ್ಟು ಹನಿಗಳಾಗಬಲ್ಲದು ಎಂಬುದು ಇದರಿಂದ ತಿಳಿಯುತ್ತದೆ. ಹಲ್ಲಿನ ಪಾಚಿ ತೆಗೆಯಲು ಬಳಸುವ ಶ್ರವಣಾತೀತ ಉಪಕರಣದ ತುದಿ ಸೆಕೆಂಡಿಗೆ ಸುಮಾರು 25 ಸಾವಿರದಿಂದ 30 ಸಾವಿರ ಸಲ ಕಂಪಿಸುತ್ತದೆ. ಅದೂ ದಟ್ಟವಾದ ತುಂತುರನ್ನು ಎಬ್ಬಿಸುತ್ತದೆ.

ಹನಿ ನೆಲಕ್ಕೆ ಬೀಳಲು ಎಷ್ಟು ಹೊತ್ತು?

ನನ್ನ ವಿದ್ಯಾರ್ಥಿನಿಯ ಪ್ರಶ್ನೆಗೆ ಈಗ ಬರೋಣ. ಗಾಳಿಯಲ್ಲಿ ಬೀಳುವ ಸಣ್ಣ ಹನಿಯ ಮೇಲೆ ಗುರುತ್ವ ಕೆಳಕ್ಕೆ, ಗಾಳಿಯ ಸ್ನಿಗ್ಧತೆಯ ತಡೆ ಮೇಲಕ್ಕೆ ವರ್ತಿಸುತ್ತವೆ. ಎರಡೂ ಸಮನಾದಾಗ ಹನಿ ಒಂದೇ ವೇಗದಲ್ಲಿ ಇಳಿಯುತ್ತದೆ. ಇದೇ ಅಂತಿಮ ವೇಗ. ಸ್ಟೋಕ್ಸ್ ನಿಯಮದ ಪ್ರಕಾರ ಈ ವೇಗ ವ್ಯಾಸದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ವ್ಯಾಸ ಹತ್ತನೆಯ ಒಂದಾದರೆ ವೇಗ ನೂರನೆಯ ಒಂದಾಗುತ್ತದೆ.

ಮಲಗಿದ ರೋಗಿಯ ಬಾಯಿ ನೆಲದಿಂದ ಒಂದು ಮೀಟರ್ ಎತ್ತರದಲ್ಲಿದೆ ಎಂದುಕೊಳ್ಳಿ. ಗಾಳಿ ಅಲುಗಾಡದಿದ್ದರೆ,

100 ಮೈಕ್ರೋಮೀಟರ್ ಹನಿ ಸುಮಾರು 4 ಸೆಕೆಂಡಿನಲ್ಲಿ ನೆಲ ಸೇರುತ್ತದೆ.

10 ಮೈಕ್ರೋಮೀಟರ್ ಹನಿಗೆ ಸುಮಾರು ಐದೂವರೆ ನಿಮಿಷ ಬೇಕು.

1 ಮೈಕ್ರೋಮೀಟರ್ ಕಣಕ್ಕೆ ಸುಮಾರು 9 ಗಂಟೆ ಬೇಕು.

ಇಲ್ಲಿ ಇನ್ನೊಂದು ಸಂಗತಿಯಿದೆ. ಸಣ್ಣ ಹನಿ ಇಳಿಯುತ್ತಾ ಒಣಗುತ್ತದೆ. 10 ಮೈಕ್ರೋಮೀಟರ್ ಹನಿಯ ನೀರು ಸಾಧಾರಣ ಒಣ ಗಾಳಿಯಲ್ಲಿ ಒಂದು ಸೆಕೆಂಡಿಗೂ ಕಡಿಮೆ ಹೊತ್ತಿನಲ್ಲಿ ಆವಿಯಾಗುತ್ತದೆ. ಹನಿಯಲ್ಲಿದ್ದ ಲವಣ, ಎಂಜಲಿನ ಅಂಶ, ರೋಗಾಣು ಇದ್ದರೆ ಅದೂ ಸೇರಿ ಒಂದು ಪುಟ್ಟ ಒಣ ತಿರುಳು ಉಳಿಯುತ್ತದೆ. ಅದು ಇನ್ನೂ ನಿಧಾನವಾಗಿ ಇಳಿಯುತ್ತದೆ. ಅಮೆರಿಕದ ವಿಲಿಯಂ ವೆಲ್ಸ್ 1934ರಲ್ಲಿಯೇ ಇದನ್ನು ವಿವರಿಸಿದ್ದರು. ಪಂಕದ ಗಾಳಿ, ಓಡಾಡುವವರ ಅಲುಗಾಟ ಇವುಗಳ ಮುಂದೆ ಇಷ್ಟು ನಿಧಾನದ ಇಳಿತಕ್ಕೆ ಅರ್ಥವೇ ಇಲ್ಲ. ಕಣ ಗಾಳಿ ಹೋದತ್ತ ಹೋಗುತ್ತದೆ.

ಬೆಳಿಗ್ಗೆ ಕಿಟಕಿಯಿಂದ ಬರುವ ಬಿಸಿಲುಕೋಲಿನಲ್ಲಿ ಧೂಳು ಕುಣಿಯುವುದನ್ನು ನೀವು ನೋಡಿರುತ್ತೀರಿ. ಆ ಕಣಗಳು ಬೀಳುತ್ತಲೇ ಇರುತ್ತವೆ, ಆದರೂ ಬೀಳುವಂತೆ ಕಾಣುವುದಿಲ್ಲ. ಇದನ್ನೇ ತರಗತಿಯಲ್ಲಿ ತೋರಿಸಬಹುದು. ಇಸ್ತ್ರಿ ಮಾಡುವಾಗ ನೀರು ಚಿಮುಕಿಸುವ ಸ್ಪ್ರೇ ಬಾಟಲಿ, ಕತ್ತಲೆ ಕೋಣೆ, ಒಂದು ಟಾರ್ಚು ಇದ್ದರೆ ಸಾಕು. ದೊಡ್ಡ ಹನಿ ಬಾಗಿ ಬೀಳುವುದೂ ಮಂಜಿನಂತಹ ಹನಿ ತೇಲಿ ಮರೆಯಾಗುವುದೂ ಬರಿಗಣ್ಣಿಗೆ ಕಾಣುತ್ತದೆ.

ಕೊಠಡಿಯ ಗಾಳಿ, ದಿನದ ಲೆಕ್ಕ

2020ರ ಮೇ 19ರಂದು ಕೇಂದ್ರ ಆರೋಗ್ಯ ಸಚಿವಾಲಯ ದಂತವೈದ್ಯರಿಗಾಗಿ ಮಾರ್ಗಸೂಚಿ ಹೊರಡಿಸಿತು. ಕಂಟೈನ್‌ಮೆಂಟ್ ವಲಯದ ಚಿಕಿತ್ಸಾಲಯಗಳು ಮುಚ್ಚಿರಬೇಕು. ಉಳಿದೆಡೆಯೂ ತುರ್ತು ಚಿಕಿತ್ಸೆಗಷ್ಟೇ ಅವಕಾಶ, ಕಾಯಬಹುದಾದ ಎಲ್ಲ ಚಿಕಿತ್ಸೆಗಳನ್ನು ಮುಂದೂಡಬೇಕು ಎಂಬುದು ಅದರ ಸಾರ. ತಜ್ಞರ ತರಬೇತಿಯ ಬಹುಪಾಲು ಇರುವುದು ಈ 'ಕಾಯಬಹುದಾದ' ಚಿಕಿತ್ಸೆಗಳಲ್ಲೇ. ಬೇರುನಾಳ ಶುದ್ಧಿ, ಕಿರೀಟ ಜೋಡಣೆ, ವಸಡಿನ ಶಸ್ತ್ರಚಿಕಿತ್ಸೆ, ಹಲ್ಲಿಗೆ ತಂತಿ ಕಟ್ಟುವುದು ಯಾವುದೂ ಸಾಮಾನ್ಯ ಅರ್ಥದಲ್ಲಿ ತುರ್ತಲ್ಲ.

ಬಾಗಿಲು ಮತ್ತೆ ತೆರೆದ ಮೇಲೂ ಮೊದಲಿನಂತೆ ಕೆಲಸ ನಡೆಯಲಿಲ್ಲ. ಕಾರಣ ಗಾಳಿ. ಒಂದು ಕೊಠಡಿಗೆ ಗಂಟೆಗೆ ಅದರ ಗಾತ್ರದ ಎಷ್ಟು ಪಟ್ಟು ಹೊಸ ಗಾಳಿ ಬರುತ್ತದೆ ಎಂಬುದನ್ನು ಗಾಳಿ ಬದಲಾವಣೆಯ ದರ ಎನ್ನುತ್ತಾರೆ. ಗಾಳಿ ಒಮ್ಮೆ ಬದಲಾದರೆ ಹಳೆಯ ಕಣಗಳೆಲ್ಲ ಹೊರಟುಹೋದವು ಎಂದು ತಿಳಿಯಬೇಡಿ. ಹೊಸ ಗಾಳಿ ಹಳೆಯದರೊಡನೆ ಬೆರೆಯುತ್ತಲೇ ಹೊರಹೋಗುವುದರಿಂದ ಒಂದು ಬದಲಾವಣೆಯ ನಂತರವೂ ಶೇಕಡ 37ರಷ್ಟು ಕಣಗಳು ಉಳಿಯುತ್ತವೆ. ವಿಕಿರಣಶೀಲ ವಸ್ತು ಕ್ಷಯಿಸುವ ಘಾತೀಯ ನಿಯಮವೇ ಇಲ್ಲಿಯೂ ಅನ್ವಯಿಸುತ್ತದೆ. ಶೇಕಡ 99ರಷ್ಟು ಕಣಗಳು ಹೊರಹೋಗಲು 4.6 ಬದಲಾವಣೆಗಳು ಬೇಕು. ದರ ಗಂಟೆಗೆ 12 ಇದ್ದರೆ 23 ನಿಮಿಷ, 6 ಇದ್ದರೆ 46 ನಿಮಿಷ, 2 ಇದ್ದರೆ 138 ನಿಮಿಷ.

ಇದನ್ನು ವಿದ್ಯಾರ್ಥಿಯ ದಿನಕ್ಕೆ ಅನ್ವಯಿಸೋಣ. ಉದಾಹರಣೆಗೆ ದಿನಕ್ಕೆ 6 ಗಂಟೆ, ಅಂದರೆ 360 ನಿಮಿಷ ಕೆಲಸ, ಒಂದು ಚಿಕಿತ್ಸೆಗೆ 60 ನಿಮಿಷ ಎಂದಿರಲಿ. ಹಿಂದೆ ಶುಚಿ ಮಾಡಲು 10 ನಿಮಿಷ ಸೇರಿಸಿದರೆ ಒಂದು ಕುರ್ಚಿಯಲ್ಲಿ 5 ರೋಗಿಗಳನ್ನು ನೋಡಬಹುದಿತ್ತು. ಈಗ ರಕ್ಷಾಕವಚ ತೊಟ್ಟು ಕಳಚಲು 15 ನಿಮಿಷ, ಗಾಳಿ ತಿಳಿಯಾಗಲು 46 ನಿಮಿಷ, ಆಮೇಲೆ ಶುಚಿಗೆ 15 ನಿಮಿಷ ಸೇರಿಸಿ. ಒಟ್ಟು 136 ನಿಮಿಷ. ದಿನಕ್ಕೆ 2 ರೋಗಿಗಳು ಮಾತ್ರ. ಗಾಳಿ ಕಡಿಮೆ ಬರುವ ಕೋಣೆಯಾದರೆ ಒಬ್ಬರು. ಗಂಟೆಗೆ 12 ಬದಲಾವಣೆ ಇರುವ ಕೋಣೆಯಾದರೆ 3.

ದಂತ ಕಾಲೇಜುಗಳ ಚಿಕಿತ್ಸಾ ವಿಭಾಗ ಸಾಮಾನ್ಯವಾಗಿ ಒಂದು ದೊಡ್ಡ ಹಜಾರ. ಅಲ್ಲಿ ಕುರ್ಚಿಗಳು ಸಾಲಾಗಿರುತ್ತವೆ. ಗುರುಗಳು ಒಂದು ಕುರ್ಚಿಯಿಂದ ಇನ್ನೊಂದಕ್ಕೆ ಹೋಗುತ್ತಾ ಕಲಿಸಲು ಅದು ಬಹಳ ಅನುಕೂಲ. ಆದರೆ ಎಲ್ಲರೂ ಉಸಿರಾಡುವುದು ಒಂದೇ ಗಾಳಿಯನ್ನು. ಹೀಗಾಗಿ ಕಲಿಕೆಗೆ ಒಳ್ಳೆಯದಾಗಿದ್ದ ವ್ಯವಸ್ಥೆಯೇ ಸಾಂಕ್ರಾಮಿಕದಲ್ಲಿ ತೊಡಕಾಯಿತು. ಕುರ್ಚಿ ಬಿಟ್ಟು ಕುರ್ಚಿ ಬಳಸಬೇಕು, ತಡೆಗೋಡೆ ಹಾಕಬೇಕು, ಸರದಿಯಂತೆ ವಿದ್ಯಾರ್ಥಿಗಳನ್ನು ಕರೆಸಬೇಕು. ಮುಖದ ಮುಂದಿನ ಪಾರದರ್ಶಕ ಹಾಳೆಗೆ ಉಸಿರಿನ ಹಬೆ ಕಟ್ಟುತ್ತದೆ, ಎರಡು ಪದರದ ಮಾಸ್ಕಿನೊಳಗಿಂದ ಗುರುವಿನ ಮಾತು ಅಸ್ಪಷ್ಟವಾಗಿ ಕೇಳುತ್ತದೆ.

ಎಲ್ಲ ವಿಭಾಗಗಳ ನಷ್ಟ ಒಂದೇ ಅಲ್ಲ

ಒಂಬತ್ತು ವಿಭಾಗಗಳಲ್ಲಿ ಯಾರಿಗೆ ಹೆಚ್ಚು ಪೆಟ್ಟು ಬಿತ್ತು ಎಂಬುದನ್ನು ಬಹುಮಟ್ಟಿಗೆ ತುಂತುರೇ ನಿರ್ಧರಿಸಿತು. ರೋಗಶಾಸ್ತ್ರದ ವಿದ್ಯಾರ್ಥಿ ಸೂಕ್ಷ್ಮದರ್ಶಕದ ಮುಂದೆ ಕುಳಿತು ಗಾಜಿನ ಪಟ್ಟಿಗಳನ್ನು ನೋಡಬಹುದು. ಅವುಗಳ ಚಿತ್ರಗಳನ್ನು ಮನೆಯಲ್ಲೇ ಕುಳಿತು ಅಭ್ಯಾಸ ಮಾಡಬಹುದು. ಬೇರುನಾಳ, ವಸಡು, ಕೃತಕ ದಂತ ವಿಭಾಗಗಳಿಗೆ ಆ ಅವಕಾಶವಿಲ್ಲ. ಕೊರೆಯುವ, ಕಂಪಿಸುವ ಉಪಕರಣಗಳೇ ಅವರ ದಿನನಿತ್ಯದ ಸಾಧನಗಳು.

ವಕ್ರದಂತ ವಿಭಾಗದ ಕಷ್ಟವೇ ಬೇರೆ. ತಂತಿ ಕಟ್ಟಿ ಹಲ್ಲು ಸರಿಪಡಿಸಲು ಒಂದೂವರೆ ಎರಡು ವರ್ಷ ಬೇಕು. ಹಲ್ಲು ಮೂಳೆಯೊಳಗೆ ಸರಿಯುವುದು ತಿಂಗಳಿಗೆ ಸುಮಾರು ಒಂದು ಮಿಲಿಮೀಟರ್. ಅದನ್ನು ಅವಸರಪಡಿಸಲು ಬರುವುದಿಲ್ಲ. ಮೂರು ವರ್ಷದ ಅವಧಿಯಲ್ಲಿ ಒಂದು ಚಿಕಿತ್ಸೆಯನ್ನು ಆರಂಭಿಸಿ, ಮುಗಿಸಿ, ಫಲಿತಾಂಶ ನೋಡಬೇಕಾದರೆ ಕಳೆದುಕೊಳ್ಳಲು ಹೆಚ್ಚು ತಿಂಗಳುಗಳೇ ಇಲ್ಲ. 2019ರಲ್ಲಿ ಸೇರಿದ ವಿದ್ಯಾರ್ಥಿಗೆ 2020ರ ಲಾಕ್‌ಡೌನ್, 2021ರ ಏಪ್ರಿಲ್-ಮೇ ತಿಂಗಳ ಎರಡನೆಯ ಅಲೆ ಎರಡೂ ಎದುರಾದವು.

ಸಮುದಾಯ ದಂತವೈದ್ಯದವರಿಗೆ ತುಂತುರಿನ ಚಿಂತೆ ಕಡಿಮೆ. ಆದರೆ ಅವರ ಪ್ರಯೋಗಾಲಯವೆಂದರೆ ಶಾಲೆ ಮತ್ತು ಹಳ್ಳಿ. ಶಾಲೆಗಳೇ ಮುಚ್ಚಿದ್ದಾಗ ಮಕ್ಕಳ ಹಲ್ಲು ತಪಾಸಣೆ ಎಲ್ಲಿ? ಹಳ್ಳಿಯ ಸಮುದಾಯ ಭವನದಲ್ಲಿ ಶಿಬಿರ ಹೇಗೆ?

ಪ್ರವೇಶದ ಸರಪಳಿಯೂ ತುಂಡಾಯಿತು. 2020ರ ಡಿಸೆಂಬರ್ 16ರಂದು ನಡೆದ ನೀಟ್-ಎಂ.ಡಿ.ಎಸ್. ಪರೀಕ್ಷೆಯ ಸೀಟು ಹಂಚಿಕೆ ಸುಪ್ರೀಂ ಕೋರ್ಟಿನವರೆಗೆ ಹೋಗಿ 2021ರ ಆಗಸ್ಟ್ ಕೊನೆಯ ಭಾಗದಲ್ಲಷ್ಟೇ ಶುರುವಾಯಿತು. ಎಂಟು ತಿಂಗಳು ಕಾದದ್ದು ವಿದ್ಯಾರ್ಥಿಗಳಷ್ಟೇ ಅಲ್ಲ. ಸ್ನಾತಕೋತ್ತರ ವಿಭಾಗಗಳಲ್ಲಿ ಕಿರಿಯರಿಗೆ ಅರ್ಧ ಪಾಠ ಹೇಳುವವರು ಹಿರಿಯ ವಿದ್ಯಾರ್ಥಿಗಳು. ಹೊಸಬರು ಬರುವುದು ತಡವಾದಷ್ಟೂ ಆ ಒಡನಾಟದ ಕಾಲ ಕಡಿಮೆಯಾಗುತ್ತದೆ.

ಕೈಗೆ ಬರುವ ಕಲೆಯ ನಿಯಮ

ರೋಗಿಗಳ ಸಂಖ್ಯೆ ಅರ್ಧವಾದರೆ ಕಲಿಕೆಯೂ ಅರ್ಧವಾಗುತ್ತದೆಯೇ? ಇಲ್ಲ. ಇದಕ್ಕೆ ಬೇರೊಂದು ಕ್ಷೇತ್ರದ ಹೋಲಿಕೆ ನೋಡೋಣ. 1936ರಲ್ಲಿ ಅಮೆರಿಕದ ಎಂಜಿನಿಯರ್ ಟಿ.ಪಿ. ರೈಟ್ ವಿಮಾನ ತಯಾರಿಕೆಯ ಲೆಕ್ಕ ಪರಿಶೀಲಿಸಿ ಒಂದು ನಿಯಮ ಕಂಡುಕೊಂಡರು. ತಯಾರಾದ ವಿಮಾನಗಳ ಒಟ್ಟು ಸಂಖ್ಯೆ ದುಪ್ಪಟ್ಟಾದಾಗಲೆಲ್ಲ ಒಂದು ವಿಮಾನಕ್ಕೆ ತಗಲುವ ಶ್ರಮ ಶೇಕಡ 20ರಷ್ಟು ಇಳಿಯುತ್ತಿತ್ತು. ಕೈಕೆಲಸದ ಅನೇಕ ಕಲಿಕೆಗಳು ಇದೇ ರೂಪದ ರೇಖೆಯನ್ನು ಅನುಸರಿಸುತ್ತವೆ. ಶೇಕಡಾವಾರು ಮಾತ್ರ ಕೆಲಸದಿಂದ ಕೆಲಸಕ್ಕೆ ಬೇರೆ.

ಈ ನಿಯಮದಲ್ಲಿ ಮುಖ್ಯವಾದುದು ದುಪ್ಪಟ್ಟು. ನೂರು ಸಲ ಮಾಡಬೇಕಾದ ಕೆಲಸವನ್ನು ಐವತ್ತು ಸಲ ಮಾಡಿದರೆ ಒಂದು ದುಪ್ಪಟ್ಟು ಕಳೆದುಹೋಯಿತು. ಎಂಟು ಸಲ ಮಾಡಬೇಕಾದುದನ್ನು ನಾಲ್ಕು ಸಲ ಮಾಡಿದರೂ ಕಳೆದುಹೋದದ್ದು ಒಂದು ದುಪ್ಪಟ್ಟೇ. ಮೊದಲಿನದರಲ್ಲಿ ಕೈತಪ್ಪಿದ್ದು ಐವತ್ತು ರೋಗಿಗಳು, ಎರಡನೆಯದರಲ್ಲಿ ನಾಲ್ವರು. ಅಂದರೆ, ಅಪರೂಪದ ಹಾಗೂ ಕ್ಲಿಷ್ಟವಾದ ಚಿಕಿತ್ಸೆಗಳಲ್ಲಿ ಕೆಲವೇ ಅವಕಾಶ ತಪ್ಪಿದರೂ ನಷ್ಟ ದೊಡ್ಡದು. ತಜ್ಞರೆಂದು ಕರೆಸಿಕೊಳ್ಳುವುದು ಈ ಅಪರೂಪದ ಕೆಲಸ ಬಲ್ಲವರನ್ನೇ ಅಲ್ಲವೇ? ಹಾಗಾಗಿ ಸಾಂಕ್ರಾಮಿಕದ ಪೆಟ್ಟು ಸಾಮಾನ್ಯ ದಂತವೈದ್ಯರ ತರಬೇತಿಗಿಂತ ತಜ್ಞರ ತರಬೇತಿಗೆ ಹೆಚ್ಚು ಆಳವಾಗಿ ತಗಲುತ್ತದೆ.

ಪರದೆಯ ಪಾಠ, ಗೊಂಬೆಯ ತಲೆ

ಕಾಲೇಜುಗಳು ಸುಮ್ಮನೆ ಕೂರಲಿಲ್ಲ. ಉಪನ್ಯಾಸ, ವಿಚಾರಗೋಷ್ಠಿ, ಸಂಶೋಧನಾ ಲೇಖನಗಳ ಚರ್ಚೆ ಎಲ್ಲವೂ ಜೂಮ್ ಮತ್ತು ಗೂಗಲ್ ಮೀಟ್‌ಗೆ ಬಂದವು. ದಾವಣಗೆರೆಯ ವಿದ್ಯಾರ್ಥಿ ಬೇರೆ ಊರಿನ ತಜ್ಞರ ಉಪನ್ಯಾಸವನ್ನು ಮನೆಯಿಂದಲೇ ಕೇಳಬಹುದಾಯಿತು. ಇದು ಲಾಭವೇ. ಕ್ಷ-ಕಿರಣ ಚಿತ್ರ ನೋಡಿ ರೋಗ ಗುರುತಿಸುವುದು, ಚಿಕಿತ್ಸೆಯ ಯೋಜನೆ ರೂಪಿಸುವುದು ಇಂತಹ ಬುದ್ಧಿಯ ಕೆಲಸಗಳು ಪರದೆಯ ಮೂಲಕ ಚೆನ್ನಾಗಿಯೇ ನಡೆಯುತ್ತವೆ.

ಕೈಯ ಕೆಲಸಕ್ಕೆ ಗೊಂಬೆಯ ತಲೆಗಳಿವೆ. ಇವುಗಳಿಗೆ ಪ್ಲಾಸ್ಟಿಕ್ ಹಲ್ಲು ಜೋಡಿಸಿರುತ್ತಾರೆ. ಕಿತ್ತ ನಿಜವಾದ ಹಲ್ಲುಗಳನ್ನು ಅಚ್ಚಿನಲ್ಲಿ ಕೂಡಿಸಿಯೂ ಅಭ್ಯಾಸ ಮಾಡುತ್ತಾರೆ. ಇನ್ನೂ ಮುಂದುವರಿದ ಗಣಕ ಉಪಕರಣಗಳಲ್ಲಿ ಕೈಯಲ್ಲಿ ಹಿಡಿದ ಕಡ್ಡಿಗೆ ಪ್ರತಿಬಲ ಕೊಟ್ಟು, ಗಟ್ಟಿ ಹಲ್ಲು, ಕೊಳೆತ ಹಲ್ಲು ಇವುಗಳ ವ್ಯತ್ಯಾಸ ಬೆರಳಿಗೆ ತಿಳಿಯುವಂತೆ ಮಾಡುತ್ತಾರೆ. ಮೊದಲ ವರ್ಷದವರಿಗೆ ಇವು ಬಹಳ ಉಪಯುಕ್ತ. ಆದರೆ ಗೊಂಬೆಗೆ ನೋವಾಗುವುದಿಲ್ಲ, ರಕ್ತ ಬರುವುದಿಲ್ಲ, ಅದು ಹೆದರಿ ಬಾಯಿ ಮುಚ್ಚುವುದಿಲ್ಲ. ಸಕ್ಕರೆ ಕಾಯಿಲೆ ಇದೆ ಎಂದು ಹೇಳಲು ಮರೆಯುವುದೂ ಇಲ್ಲ. ಕೊನೆಯ ವರ್ಷದವರಿಗೆ ಬೇಕಾದದ್ದು ಗೊಂಬೆಯಲ್ಲಿ ಸಿಗದ ಈ ಸಂಗತಿಗಳೇ.

ಕೆಲವು ಹಳೆಯ ವಿಧಾನಗಳಿಗೆ ಮತ್ತೆ ಬೆಲೆ ಬಂತು. ಕೈಯಿಂದಲೇ ಪಾಚಿ ಕೆರೆಯುವ ಉಪಕರಣಗಳು ಕಪಾಟಿನಿಂದ ಹೊರಬಂದವು. ಯಂತ್ರವಿಲ್ಲದೆ, ಕೈ ಉಪಕರಣದಿಂದಲೇ ಕೊಳೆತ ಭಾಗ ತೆಗೆದು ಗಾಜಿನ ಅಯಾನೊಮರ್ ಸಿಮೆಂಟ್ ತುಂಬುವ ವಿಧಾನವನ್ನು 1980ರ ದಶಕದಲ್ಲಿ ಟಾಂಜಾನಿಯಾದಲ್ಲಿ, ವಿದ್ಯುತ್ತಿಲ್ಲದ ಹಳ್ಳಿಗಳಿಗಾಗಿ ರೂಪಿಸಲಾಗಿತ್ತು. ತುಂತುರು ಏಳುವುದಿಲ್ಲ ಎಂಬ ಕಾರಣಕ್ಕೆ ಅದು ಸಾಂಕ್ರಾಮಿಕದಲ್ಲಿ ಉಪಯೋಗಕ್ಕೆ ಬಂತು. 1864ರಷ್ಟು ಹಳೆಯದಾದ ರಬ್ಬರ್ ಡ್ಯಾಮ್, ಅಂದರೆ ಚಿಕಿತ್ಸೆ ಮಾಡುವ ಹಲ್ಲನ್ನಷ್ಟೇ ಹೊರಗೆ ಕಾಣಿಸಿ ಉಳಿದ ಬಾಯಿಯನ್ನು ಮರೆಮಾಡುವ ತೆಳು ಹಾಳೆ, ಎಂಜಲು ತುಂತುರಿಗೆ ಸೇರದಂತೆ ತಡೆಯುತ್ತದೆ.

ಅನಿರೀಕ್ಷಿತ ಪಾಠ

2021ರ ಎರಡನೆಯ ಅಲೆಯಲ್ಲಿ ಯಾರೂ ಬಯಸದ ಒಂದು ತರಬೇತಿಯೂ ನಡೆಯಿತು. ಕೋವಿಡ್‌ನಿಂದ ಚೇತರಿಸಿಕೊಂಡವರಲ್ಲಿ, ಅದರಲ್ಲೂ ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದೆ ಸ್ಟೀರಾಯ್ಡ್ ಪಡೆದವರಲ್ಲಿ, 'ಕಪ್ಪು ಶಿಲೀಂಧ್ರ' ಎಂದು ಜನ ಕರೆದ ಮ್ಯೂಕರ್‌ಮೈಕೋಸಿಸ್ ಕಾಣಿಸಿಕೊಂಡಿತು. ಇದನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ಘೋಷಿಸುವಂತೆ ಕೇಂದ್ರ ಸರ್ಕಾರ ಮೇ 20ರಂದು ರಾಜ್ಯಗಳಿಗೆ ಸೂಚಿಸಿತು. ಈ ಶಿಲೀಂಧ್ರ ಮೂಗು, ಕಣ್ಣು, ಮೇಲ್ದವಡೆಗಳನ್ನು ಕೊಳೆಸುತ್ತದೆ. ಸಡಿಲವಾದ ಮೇಲಿನ ಹಲ್ಲು, ಅಂಗುಳಿನ ಕಪ್ಪು ಕಲೆ ಇದರ ಲಕ್ಷಣಗಳಲ್ಲಿ ಸೇರಿವೆ. ಕೊಳೆತ ದವಡೆಯ ಮೂಳೆಯನ್ನು ತೆಗೆಯುವುದರಲ್ಲಿ ದವಡೆಯ ಶಸ್ತ್ರಚಿಕಿತ್ಸಕರು, ಅಂಗುಳಿನಲ್ಲಿ ಉಳಿದ ರಂಧ್ರ ಮುಚ್ಚಿ ರೋಗಿ ಉಣ್ಣಲು, ಮಾತನಾಡಲು ಆಗುವಂತೆ ಕೃತಕ ಫಲಕ ಮಾಡಿಕೊಡುವುದರಲ್ಲಿ ಕೃತಕ ದಂತ ವಿಭಾಗದವರು ತೊಡಗಿದರು. ಹಿಂದೆ ಅಪರೂಪಕ್ಕೆ ನೋಡಸಿಗುತ್ತಿದ್ದ ರೋಗ ವಿದ್ಯಾರ್ಥಿಗಳ ಎದುರು ಸಾಲುಗಟ್ಟಿ ಬಂತು. ಒಂದು ಕಡೆ ನಿತ್ಯದ ಕೆಲಸದ ಅಭ್ಯಾಸ ತಪ್ಪಿತ್ತು, ಇನ್ನೊಂದು ಕಡೆ ಅತ್ಯಂತ ಕಠಿಣವಾದ ಕೆಲಸ ಎದುರಿಗಿತ್ತು.

ಭಯ ಮತ್ತು ಸಾಕ್ಷ್ಯ

ಆರಂಭದಲ್ಲಿ ದಂತವೈದ್ಯರದ್ದು ಅತಿ ಅಪಾಯದ ವೃತ್ತಿ ಎಂದು ಭಾವಿಸಲಾಗಿತ್ತು. ಗೊತ್ತಿಲ್ಲದ ರೋಗದ ಮುಂದೆ ಅಂತಹ ಎಚ್ಚರ ತಪ್ಪಲ್ಲ. ನಂತರ ಬಂದ ಸಾಕ್ಷ್ಯ ಚಿತ್ರವನ್ನು ಸ್ವಲ್ಪ ಬದಲಿಸಿತು. 2020ರ ಜೂನ್‌ನಲ್ಲಿ ಅಮೆರಿಕದಲ್ಲಿ ಎರಡು ಸಾವಿರಕ್ಕೂ ಹೆಚ್ಚು ದಂತವೈದ್ಯರ ಸಮೀಕ್ಷೆ ನಡೆಸಿದಾಗ ಸೋಂಕು ತಗಲಿದ್ದವರು, ತಗಲಿರಬಹುದಾದವರು ಸೇರಿ ಶೇಕಡ 1ಕ್ಕಿಂತ ಕಡಿಮೆ ಇದ್ದರು. ಅವರಲ್ಲಿ ಬಹುತೇಕರು ರಕ್ಷಣಾ ಕ್ರಮಗಳನ್ನು ಪಾಲಿಸುತ್ತಿದ್ದರು ಎಂಬುದನ್ನೂ ನೆನಪಿಡಬೇಕು. 2021ರಲ್ಲಿ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ಚಿಕಿತ್ಸೆಯ ವೇಳೆ ಸುತ್ತ ಬಿದ್ದ ತುಂತುರಿನ ಸೂಕ್ಷ್ಮಜೀವಿಗಳ ಮೂಲ ಹುಡುಕಿದರು. ಬಹುಪಾಲು ಬಂದದ್ದು ಯಂತ್ರಕ್ಕೆ ಬಿಡುವ ನೀರಿನಿಂದ. ಎಂಜಲಿನ ಪಾಲು ಅಲ್ಪ.

ಇದರಿಂದ ತುಂತುರು ಸಂಪೂರ್ಣ ನಿರಪಾಯಕಾರಿ ಎಂದು ತಿಳಿಯಬಾರದು. ಎಂಜಲು ನೀರಿನಲ್ಲಿ ಬಹಳ ತೆಳುವಾಗುತ್ತದೆ ಮತ್ತು ಬಲವಾದ ಹೀರುಕೊಳವೆ ಅದರ ಹೆಚ್ಚಿನ ಭಾಗವನ್ನು ಎಳೆದುಕೊಳ್ಳುತ್ತದೆ ಎಂಬುದಷ್ಟೇ ಇದರ ಅರ್ಥ. ರೋಗಿಯ ಕೆಮ್ಮು, ಮಾಸ್ಕಿಲ್ಲದೆ ಹರಟುವ ಕಾಯುವ ಕೋಣೆ, ಕಿಟಕಿ ಮುಚ್ಚಿದ ಊಟದ ಮನೆ ಇವುಗಳತ್ತಲೂ ಅಷ್ಟೇ ಗಮನ ಬೇಕು. ನಾವು ಯಂತ್ರಕ್ಕೆ ಹೆದರಿದೆವು, ಆದರೆ ಕೋಣೆಯ ಗಾಳಿಯನ್ನು ಅಳೆಯಲಿಲ್ಲ.

ಮುಂದಿನ ಬಾರಿಗೆ

ಇನ್ನೊಂದು ಸಾಂಕ್ರಾಮಿಕ ಯಾವಾಗ ಬರುತ್ತದೆ ಎಂದು ಯಾರೂ ಹೇಳಲಾರರು. ಬಂದಾಗ ಏನು ಮಾಡಬೇಕು ಎಂಬುದನ್ನು ಈಗಲೇ ಯೋಚಿಸಬಹುದು.

ಮೊದಲನೆಯದು ಗಾಳಿ. ಮೇಲಿನ ಲೆಕ್ಕವನ್ನು ಮತ್ತೆ ನೋಡಿ. ಒಂದೇ ಕುರ್ಚಿ, ಒಬ್ಬನೇ ವಿದ್ಯಾರ್ಥಿ. ಗಾಳಿ ಬದಲಾವಣೆ ಗಂಟೆಗೆ 2 ಇದ್ದರೆ ದಿನಕ್ಕೆ ಒಬ್ಬ ರೋಗಿ, 12 ಇದ್ದರೆ ಮೂವರು. ಎದುರುಬದುರು ಕಿಟಕಿ, ಹೊರಕ್ಕೆ ದೂಡುವ ಪಂಕ, ಗಾಳಿ ಸೋಸುವ ಯಂತ್ರ ಇವುಗಳ ಖರ್ಚು ಒಂದು ತಂಡದ ತರಬೇತಿ ಕೆಡುವ ನಷ್ಟಕ್ಕೆ ಹೋಲಿಸಿದರೆ ಸಣ್ಣದು. ಜನ ಬಿಟ್ಟ ಉಸಿರಿನ ಇಂಗಾಲದ ಡೈಆಕ್ಸೈಡ್ ಅಳೆಯುವ ಪುಟ್ಟ ಮಾಪಕದಿಂದ ಯಾವುದೇ ಕೊಠಡಿಯ ಗಾಳಿ ಎಷ್ಟು ಬೇಗ ಬದಲಾಗುತ್ತದೆ ಎಂದು ಅಂದಾಜಿಸಬಹುದು. ಹೊರಗಿನ ಗಾಳಿಯಲ್ಲಿ ಅದು ದಶಲಕ್ಷಕ್ಕೆ ಸುಮಾರು 420 ಭಾಗ. ಜನ ತುಂಬಿದ ಮುಚ್ಚಿದ ಕೋಣೆಯಲ್ಲಿ ಸಾವಿರ ದಾಟಿದರೆ ಗಾಳಿ ಸಾಲದು ಎಂದರ್ಥ. ಶಿಕ್ಷಕರೇ, ನಿಮ್ಮ ತರಗತಿಯಲ್ಲಿ ಪಾಠದ ಆರಂಭ ಮತ್ತು ಕೊನೆಯಲ್ಲಿ ಅಳೆದು, ಕಿಟಕಿ ತೆರೆದು ಮತ್ತೆ ಅಳೆದು, ಇಳಿಕೆಯ ರೇಖೆಯನ್ನು ವಿದ್ಯಾರ್ಥಿಗಳಿಂದಲೇ ಬರೆಸಿ. ಘಾತೀಯ ಇಳಿಕೆಗೆ ಇದಕ್ಕಿಂತ ಒಳ್ಳೆಯ ಪ್ರಯೋಗ ಸಿಗಲಾರದು.

ಎರಡನೆಯದು ಲೆಕ್ಕ ಇಡುವ ರೀತಿ. ಮೂರು ವರ್ಷ ಕಳೆದವು ಎಂಬುದಕ್ಕಿಂತ, ಯಾವ ಚಿಕಿತ್ಸೆಯನ್ನು ಎಷ್ಟು ಸಲ, ಯಾರ ನೆರವಿಲ್ಲದೆ ಮಾಡಬಲ್ಲರು ಎಂಬುದು ಮುಖ್ಯ. ಗೊಂಬೆಯ ತಲೆಯ ಮೇಲೆ ಕಲಿಯಬಹುದಾದುದನ್ನು ಮುಚ್ಚಿದ ತಿಂಗಳುಗಳಲ್ಲಿ ಮುಗಿಸಿ, ತೆರೆದ ದಿನಗಳ ಕೆಲವೇ ಕುರ್ಚಿಗಳನ್ನು ಅಪರೂಪದ, ಕ್ಲಿಷ್ಟ ಚಿಕಿತ್ಸೆಗಳಿಗೂ ಕೊನೆಯ ವರ್ಷದವರಿಗೂ ಮೀಸಲಿಡಬೇಕು. ಕೊರತೆ ಉಳಿದವರಿಗೆ ಪದವಿಯ ನಂತರವೂ ಹಿರಿಯರ ಪಕ್ಕದಲ್ಲಿ ಕೆಲಸ ಮಾಡುವ ಅವಕಾಶ ಇರಬೇಕು. ಅದನ್ನು ಅವಮಾನವೆಂದು ಯಾರೂ ಭಾವಿಸಬಾರದು.

ಮೂರನೆಯದು ರೋಗಿ. ಅರ್ಧಕ್ಕೆ ನಿಂತ ಚಿಕಿತ್ಸೆಗಳ ಪಟ್ಟಿ ಪ್ರತಿ ವಿಭಾಗದಲ್ಲೂ ಸಿದ್ಧವಿರಬೇಕು. ಬಾಗಿಲು ತೆರೆದ ಮೊದಲ ವಾರ ಅವರನ್ನೇ ಕರೆಯಬೇಕು.

ನನ್ನ ಆ ವಿದ್ಯಾರ್ಥಿನಿ ಈಗ ತಜ್ಞವೈದ್ಯೆ. ಅವಳ ಕೊಠಡಿಯಲ್ಲಿ ಎರಡು ದೊಡ್ಡ ಕಿಟಕಿಗಳಿವೆ, ಗೋಡೆಯಲ್ಲಿ ಹೊರಕ್ಕೆ ದೂಡುವ ಪಂಕವಿದೆ. ನಮ್ಮ ಪಕ್ಕದ ಮನೆಯ ಹಿರಿಯರು ಕಳೆದ ಹಲ್ಲಿನ ಜಾಗದಲ್ಲಿ ಇನ್ನೂ ಏನನ್ನೂ ಕಟ್ಟಿಸಿಕೊಂಡಿಲ್ಲ. ಇನ್ನೊಂದು ಬದಿಯಲ್ಲಿ ಅಗಿಯುವುದು ರೂಢಿಯಾಗಿದೆ ಎನ್ನುತ್ತಾರೆ.